ಕುದುರೆ, ಇಬ್ಬರು ಮಂತ್ರಿಗಳು ಮತ್ತು ಬಲಮೂಲೆಯ ಬಟನ್

ಗ್ರೇಟರ್ ನೋಯ್ಡಾದ ಹದಿನಾಲ್ಕನೇ ಮಹಡಿಯಲ್ಲಿ, ತಲೆದಿಂಬಿನ ಮೇಲೆ ಲ್ಯಾಪ್‌ಟಾಪ್ ಸಮೇತ ವಿರಾಜಮಾನರಾಗಿರುವ, ‘ಮಸಿಕುಡಿಕೆ’ ಎಂಬ ಪುಕ್ಕಟೆ ಕನ್ನಡ ಬರವಣಿಗೆ ತಂತ್ರಾಂಶದ ಸೃಷ್ಟಿ ಸ್ಥಿತಿ ಲಯಗಳಿಗೆ ಏಕಮಾತ್ರ ಕಾರಣಕರ್ತರಾದ ಶ್ರೀಮಾನ್ ಸುಹಾಸರ ದಿವ್ಯ ಸನ್ನಿಧಾನಕ್ಕೆ,

ಸುಹಾಸ್, ಮೇಲಿನ ಸಾಲು ಕೈಯ ಚಟ. ಹೊಡೆದುಹಾಕೋಣ ಎಂದುಕೊಂಡೆ, ಪೆನ್ನಿನಲ್ಲಿ ಹೊಡೆದರೆ ಇನ್ನೂ ಎದ್ದು ಕಾಣುತ್ತದೆ. ಇರಲಿ ಬಿಡು.

ದಸರೆಯ ಆಚೆಗೆ ನೀನು ನನ್ನ ಫೋನು, ಮೇಲು, ಚಾಟು ಎಲ್ಲವನ್ನೂ ಬ್ಲಾಕ್ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಾದ್ದರಿಂದ ಈ ಕಾಗದ. ನಿನ್ನ ಕೊನೆಯ ಮಾತು ನನ್ನ ಫೋನಿನಲ್ಲಿ ಹಾಗೇ ಇದೆ: “ಧನ್ಯಾ, ನಿನ್ನ ತಮಾಷೆ ಸಾಕು. ನನಗೆ ಸುಸ್ತಾಗಿದೆ.” ನನಗೂ ಸುಸ್ತಾಗಿದೆ ಮಾರಾಯ. ಸುಸ್ತಾದ ಇಬ್ಬರು ಜಗಳವಾಡಲು ಹೊರಟರೆ ನಡುನಡುವೆ ಕೂತು ನೀರು ಕುಡಿಯಬೇಕಾಗುತ್ತದೆ. ಹಾಗಾಗಿ ಸುತ್ತು ಬಳಸದೆ ವಿಷಯ ಹೇಳಿಬಿಡುತ್ತೇನೆ. ಕುದುರೆಯ ದೂರು ನಾನು ಬರೆದದ್ದಲ್ಲ.

ಹೌದು, ಮಸಿಕುಡಿಕೆಯ ದೂರುಗಳ ಪುಟದಲ್ಲಿ ನನ್ನ ಚರಿತ್ರೆ ಅಷ್ಟೇನೂ ಪವಿತ್ರವಾದದ್ದಲ್ಲ. ರಾಹುಕಾಲದಲ್ಲಿ ಕರ್ಸರ್ ಮಿನುಗುವುದು ಅಶುಭವೆಂದು ಸುಳ್ಳು ಹೆಸರಿನ ಖಾತೆಯಿಂದ ಬರೆದವಳು ನಾನೇ. ಅಖಿಲ ಭಾರತ ಅಲ್ಪವಿರಾಮಗಳ ಸಂಘದ ಪರವಾಗಿ, ಪೂರ್ಣವಿರಾಮಕ್ಕೆ ಸಿಗುವ ಮರ್ಯಾದೆ ತಮಗಿಲ್ಲವೆಂದು ಮನವಿ ಸಲ್ಲಿಸಿದವಳೂ ನಾನೇ. ನೀನು ಅಷ್ಟೇ ಗಂಭೀರವಾಗಿ ತನಿಖಾ ಆಯೋಗ ರಚಿಸಿದ್ದೆ. ಈಗಿನಷ್ಟು ಸುಸ್ತು ಆಗ ನಮ್ಮಿಬ್ಬರಿಗೂ ಇರಲಿಲ್ಲ. ಆದ್ದರಿಂದ ಒಂದು ಬೆಳಿಗ್ಗೆ ನಿನ್ನ ಮುಂದೆ ಈ ದೂರು ಬಂದಾಗ ನೀನು ಏನೆಂದುಕೊಂಡೆ ಎಂಬುದು ನನಗೆ ಅರ್ಥವಾಗುತ್ತದೆ:

“ಸನ್ಮಾನ್ಯರೇ, ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಪರದೆಯ ಬಲಮೂಲೆಯಲ್ಲಿದ್ದ ಹಿಂದಿ ಅಕ್ಷರದ ಗುಂಡಿಯು ಹೊಸ ಆವೃತ್ತಿಯಲ್ಲಿ ಕಾಣೆಯಾಗಿದ್ದು, ಇದರಿಂದ ಒಂದು ಕುದುರೆ, ಇಬ್ಬರು ಮಂತ್ರಿಗಳು ಹಾಗೂ ಒಂದು ಆಲದಮರಕ್ಕೆ ತೀವ್ರ ತೊಂದರೆಯುಂಟಾಗಿದೆ. ಸದರಿ ಗುಂಡಿಯನ್ನು ಯಥಾಸ್ಥಾನದಲ್ಲಿ ಮರುಸ್ಥಾಪಿಸಿಕೊಡಬೇಕಾಗಿ ವಿನಂತಿ.”

ನೀನು ಉತ್ತರಿಸಿದೆ: “ಅರ್ಜಿದಾರರು ಕುದುರೆಗೆ ಹುಲ್ಲು ಹಾಕಿ, ಮರಕ್ಕೆ ನೀರೆರೆದು, ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚತಕ್ಕದ್ದು. ಗುಂಡಿ ಬೇಕೇಬೇಕೆಂದರೆ ಕೋಡ್ ತೆರೆದೇ ಇದೆ, ಬರೆದುಕೊಳ್ಳಿ. ಪ್ರಕರಣ ಮುಕ್ತಾಯ.” ಚೆನ್ನಾಗಿದೆ. ನನಗೆ ಬಂದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಅದು ಹೋದದ್ದು ಗಿರಿಜಮ್ಮನವರಿಗೆ.

ಗಿರಿಜಮ್ಮ ದೆಹಲಿಯ ಪೀತಮ್‌ಪುರದವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ನಿವೃತ್ತರಾದವರು. ಹಾಲಿನವನಿಗೆ ಚೀಟಿ ಬರೆದರೂ ‘ನಾಳೆಯಿಂದ ಜಾರಿಗೆ ಬರುವಂತೆ’ ಎಂದೇ ಬರೆಯುತ್ತಾರೆ. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಅಲ್ಲಿನ ಕನ್ನಡ ಮಕ್ಕಳಿಂದ ಒಂದು ನಾಟಕ ಆಡಿಸುತ್ತಾರೆ, ಬರೆಯುವವರೂ ಅವರೇ. ಪೀತಮ್‌ಪುರದಲ್ಲೇ ಬೆಳೆದ ನಾನು ಅವರ ನಾಟಕಗಳಲ್ಲಿ ಇಲಿಯಾಗಿದ್ದೆ, ಮೋಡವಾಗಿದ್ದೆ, ಒಮ್ಮೆ ಕುದುರೆಯ ಹಿಂಭಾಗವೂ ಆಗಿದ್ದೆ. ನೀನು ಯಾವುದನ್ನು ಧನ್ಯಾಳ ಶೈಲಿ ಎನ್ನುತ್ತೀಯೋ, ಆ ಸನ್ನಿಧಾನ, ಸದರಿ, ತತ್ಸಂಬಂಧ ಎಲ್ಲವೂ ಅವರಿಂದ ಕದ್ದ ಮಾಲು. ನಾನು ಅದನ್ನು ನಗಿಸಲು ಬಳಸಿದೆ. ಅವರಿಗೆ ಗೌರವದಿಂದ ಕೇಳಲು ಗೊತ್ತಿರುವ ಭಾಷೆ ಅದೊಂದೇ. ನಕಲು ನೋಡಿ ನೋಡಿ ಅಸಲು ಬಂದಾಗ ನೀನು ಗುರುತಿಸಲಿಲ್ಲ.

ಕುದುರೆ, ಮಂತ್ರಿಗಳು, ಆಲದಮರ ಈ ವರ್ಷದ ಪಾತ್ರಗಳು. ಆ ಬಟನ್ ಯಾಕಿತ್ತೆಂದು ನಿನಗೆ ನೆನಪಿದೆಯೋ ಇಲ್ಲವೋ. “ಕನ್ನಡ ಮಾತಾಡಿದರೆ ಅರ್ಥವಾಗುವ, ಓದಲು ಬಾರದ ಮಕ್ಕಳಿಗೆ ಏನಾದರೂ ಮಾಡು” ಎಂದು ಗೋಳು ಹೊಯ್ದುಕೊಂಡವಳು ನಾನು. ನೀನು ಮಾಡಿದ್ದೆ. ಒತ್ತಿದರೆ ಕನ್ನಡದ ಮಾತೆಲ್ಲ ನಾಗರಿ ಅಕ್ಷರಕ್ಕೆ ತಿರುಗುತ್ತಿತ್ತು. ಹ್ರಸ್ವ ಎಕಾರ ಒಕಾರಗಳಿಗೆ ಪುಟ್ಟ ಗುರುತು, ‘ಳ’ಕ್ಕೆ ಅದರದೇ ಅಕ್ಷರ. “ನಾಲಿಗೆ ಮಡಚೋ ಅಕ್ಷರ ಬಂತು, ಎಲ್ಲಾ ಮಡಚ್ರೋ” ಎಂದು ಗಿರಿಜಮ್ಮ ಹೇಳಿಕೊಡುತ್ತಿದ್ದರು. ನಿನ್ನನ್ನು ಅವರು ನೋಡಿಲ್ಲ, ನೀನೂ ಅವರನ್ನು ನೋಡಿಲ್ಲ. ಆದರೂ ಕೆಲವು ವರ್ಷ ನೀವಿಬ್ಬರೂ ಸೇರಿ ಒಂದಿಷ್ಟು ಮಕ್ಕಳ ನಾಲಿಗೆ ಮಡಚಿಸಿದ್ದೀರಿ.

ಹೊಸ ಆವೃತ್ತಿಯಲ್ಲಿ ನೀನು ಪರದೆಯನ್ನು ಗುಡಿಸಿ ಸಾರಿಸಿದೆ. ಅಂದವಾಗಿದೆ, ಸುಳ್ಳು ಹೇಳಲಾರೆ. ಬಲಮೂಲೆಯ ಬಟನ್ ಯಾರಿಗೆ ಬೇಕು ಎಂದು ಚಾಟ್ ಗುಂಪಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದೆ. ಅಲ್ಲಿದ್ದವರೆಲ್ಲ ಕೋಡ್ ಬರೆಯುವವರು, ಅವರ ಮನೆಯಲ್ಲಿ ಕುದುರೆಯಿಲ್ಲ. ನಾನೂ ಆ ಗುಂಪಿನಲ್ಲಿದ್ದೆ, ಓದಲಿಲ್ಲ. ಆಫೀಸಿನಿಂದ ಬಂದ ಮೇಲೆ ಇನ್ನೊಂದು ಪರದೆ ನೋಡಲು ಕಣ್ಣು ಒಪ್ಪುವುದಿಲ್ಲ. ಯಾರೂ ಕೇಳಲಿಲ್ಲವೆಂದು ನೀನು ಬಟನ್ ತೆಗೆದೆ.

ಇಲ್ಲೇ ನನಗೆ ದಣಿವಾಗುವುದು. ನೋಯ್ಡಾದ ನಮ್ಮ ಆಫೀಸಿನಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು, ನೀನೂ ಅದೇ ಸಾಲಿನಲ್ಲಿ ಕೂತಿದ್ದವನು. ಜನ ಎಲ್ಲಿ ಒತ್ತಿದರು, ಎಷ್ಟು ಹೊತ್ತು ತಡವರಿಸಿದರು, ಯಾವಾಗ ಬೇಸತ್ತು ಎದ್ದುಹೋದರು ಎಲ್ಲವೂ ನಮಗೆ ಬಂದು ಬೀಳುತ್ತದೆ, ಅವರನ್ನು ಕೇಳುವ ಅಗತ್ಯವೇ ಇಲ್ಲ. “ಇದು ಕಿಟಕಿಯಲ್ಲಿ ಇಣುಕುವ ಕೆಲಸ” ಎಂದು ನೀನು ರಾಜೀನಾಮೆ ಕೊಟ್ಟು ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ಪಾಠ ಮಾಡಲು ಹೋದೆ. ನಾನು ಬಾಡಿಗೆ ಕಟ್ಟಬೇಕು ಎಂದು ಇಣುಕುತ್ತಾ ಉಳಿದೆ. ಮಸಿಕುಡಿಕೆ ಯಾರನ್ನೂ ಇಣುಕಿ ನೋಡುವುದಿಲ್ಲ ಎಂಬುದು ನಿನ್ನ ಹೆಮ್ಮೆ. ನನ್ನದೂ. ಆದರೆ ಇಣುಕುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವನಿಗೆ ಕಿವಿಯಾದರೂ ಇರಬೇಕಲ್ಲವೇ? ಇಣುಕುವ ಕಂಪನಿಗೆ ಗಿರಿಜಮ್ಮ ದಿನವೂ ಆ ಬಟನ್ ಒತ್ತುತ್ತಾರೆಂದು ತಾನಾಗಿ ತಿಳಿಯುತ್ತಿತ್ತು. ನಿನಗೆ ತಿಳಿಯುವ ದಾರಿ ಅವರು ಬಂದು ಬಾಯಿಬಿಟ್ಟು ಹೇಳುವುದೊಂದೇ. ಅವರು ಬಂದರು, ಹೇಳಿದರು, ನೀನು ಕುದುರೆಗೆ ಹುಲ್ಲು ಹಾಕೆಂದೆ.

ಅವರು ಕಂಪ್ಯೂಟರ್ ಆರಿಸಿ ಹಚ್ಚಿದರಂತೆ, ಸುಹಾಸ್. ಉತ್ತರದಲ್ಲಿ ಅದೊಂದು ಭಾಗ ಸೂಚನೆಯಂತೆ ಕಂಡಿತಂತೆ. ಆಮೇಲೆ ನನಗೆ ಫೋನ್ ಮಾಡಿದರು.

“ಧನ್ಯಾ, ಇವರ ಆಫೀಸಲ್ಲಿ ಯಾರೋ ಚಿಕ್ಕ ಹುಡುಗ್ರು ಸಾಹೇಬರ ಕುರ್ಚಿ ಮೇಲೆ ಕೂತಿದಾರೆ ಕಣೇ. ಮೇಲಿನ ಅಧಿಕಾರಿ ಯಾರು?”

“ಮೇಲೆ ಯಾರೂ ಇಲ್ಲ ಆಂಟಿ. ಆಫೀಸೂ ಇಲ್ಲ. ಒಬ್ಬನೇ ಹುಡುಗ, ಮಂಚದ ಮೇಲೆ ಕೂತು ಮಾಡ್ತಾನೆ.”

“ಒಬ್ನೇನಾ? ಸಂಬಳ?”

“ಇಲ್ಲ.”

“ಅಯ್ಯೋ, ಹಾಗಿದ್ರೆ ಬೈಯೋಕೂ ಆಗಲ್ವಲ್ಲೇ.”

“ನಾನು ಹೇಳ್ಲಾ ಅವನಿಗೆ?” ಎಂದೆ. “ಬೇಡ, ಪದ್ಧತಿ ಪ್ರಕಾರ ಹೋಗೋಣ” ಎಂದರು. ಪದ್ಧತಿಯೆಂದರೆ, ಕಚೇರಿಯಲ್ಲಿ ಉತ್ತರ ಸರಿಯಾಗಿ ಬರದಿದ್ದರೆ ಜ್ಞಾಪನ ಪತ್ರ ಕಳಿಸುವುದು. ಜ್ಞಾಪನ ಒಂದು ಕಳಿಸಿದರು, ನೀನು ಮಾತಿಲ್ಲದೆ ಮುಚ್ಚಿದೆ. ಜ್ಞಾಪನ ಎರಡು ಕಳಿಸಿದರು. ನೀನು ಅವರ ಖಾತೆಯನ್ನೂ ನನ್ನನ್ನೂ ಒಟ್ಟಿಗೇ ಹೊರಗೆ ಹಾಕಿ ಅಗುಳಿ ಜಡಿದೆ.

ಆಮೇಲೆ ಅವರು ಪಕ್ಕದ ಮನೆಯವರು ತೋರಿಸಿದ ಕಂಪನಿಯೊಂದರ ಪುಕ್ಕಟೆ ಸೇವೆಗೆ ಹೋದರು. ಅಲ್ಲಿ ಬಟನ್‌ಗಳು ಇಷ್ಟಿಷ್ಟು ದಪ್ಪ, ಹುಡುಕಬೇಕಾಗಿಲ್ಲ. ಫೋನ್ ನಂಬರ್ ಕೇಳಿತು, ಕೊಟ್ಟರು. ಫೋನಿನಲ್ಲಿರುವವರ ಹೆಸರುಗಳನ್ನೆಲ್ಲ ನೋಡಲೇ ಎಂದಿತು, “ನೋಡ್ಕೋಪ್ಪ, ಎಲ್ಲಾ ಒಳ್ಳೇವ್ರೇ” ಎಂದು ಒಪ್ಪಿದರು. ನಾಗರಿಗೂ ತಿರುಗಿಸಿಕೊಟ್ಟಿತು. ಆದರೆ ‘ಳ’ವನ್ನೆಲ್ಲ ‘ಲ’ ಮಾಡಿ. ತಾಲೀಮಿನ ದಿನ ಮಂತ್ರಿಯಾದ ವರುಣ್ ಎದೆಯುಬ್ಬಿಸಿ ಮುಂದೆ ಬಂದು, ದೂತನಿಗೆ “ಹೋಗಿ ಮಹಾರಾಜರಿಗೆ ಹೇಳು” ಎನ್ನಬೇಕಿತ್ತು. ಆ ಕೊನೆಯ ಪದದಲ್ಲಿ ‘ಳ’ ಹೋಗಿ ‘ಲ’ ಬಂದರೆ ಏನಾಗುತ್ತದೆಂದು ನಾನು ಅಂಚೆ ಇಲಾಖೆಯ ಮೂಲಕ ಬರೆಯಲಾರೆ. ಅವನ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೊರಗೆ ಹೋದರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ವರುಣ್ ನಗಲಿಲ್ಲ. ಅಂದಿನಿಂದ ಅವನು ಕನ್ನಡದಲ್ಲಿ ಬಾಯಿಯೇ ಬಿಟ್ಟಿಲ್ಲ, ಮನೆಯಲ್ಲಿ ಅಮ್ಮ ಏನು ಕೇಳಿದರೂ ಹಿಂದಿಯಲ್ಲೇ ಉತ್ತರ. “ಮುಝೆ ನಹೀಂ ಕರ್ನಾ”, ತಾನು ನಾಟಕ ಮಾಡುವುದಿಲ್ಲ ಎಂದು ಗಿರಿಜಮ್ಮನಿಗೆ ಹೇಳಿದನಂತೆ. ಅವರು ನನಗೆ ಅದನ್ನು ಹೇಳುವಾಗ ಒಂದೂ ಸರ್ಕಾರಿ ಪದ ಬಳಸಲಿಲ್ಲ.

ಅದಾದ ಮೇಲೆ ಕಂಪನಿ ಅವರ ಖಾತೆಗೂ ಬೀಗ ಹಾಕಿತು. ಅವರು ಮಕ್ಕಳ ಮನೆಮನೆಗೆ ಹೋಗಿ, ಅವರವರ ಕಂಪ್ಯೂಟರಿನಲ್ಲಿ ತೆರೆದು ಪಾಠ ಹೇಳಿಸುವವರು. ಯಂತ್ರಕ್ಕೆ ಅದು ‘ಅನುಮಾನಾಸ್ಪದ ಚಟುವಟಿಕೆ’ಯಾಗಿ ಕಂಡಿತು. ನಾಟಕದ ಎರಡನೇ ಭಾಗ ಒಳಗೇ ಉಳಿಯಿತು. ‘ಸನ್ಮಾನ್ಯರೇ’ ಎಂದು ಕಂಪನಿಗೂ ಅರ್ಜಿ ಹೋಯಿತು. ‘ನಿಮ್ಮ ಅನುಭವ ನಮಗೆ ಮುಖ್ಯ’ ಎಂದು ಮರುಕ್ಷಣ ಉತ್ತರ ಬಂತು, ಜ್ಞಾಪನ ಒಂದಕ್ಕೂ ಅದೇ, ಎರಡಕ್ಕೂ ಅದೇ. ನಿನ್ನ ಪರವಾಗಿ ಇದನ್ನು ಹೇಳಲೇಬೇಕು. ನೀನು ಗೇಲಿ ಮಾಡಿದೆ, ಆದರೆ ಮಾಡಿದವನು ಮನುಷ್ಯ. ಅಲ್ಲಿ ನಗುವುದಕ್ಕೂ ಯಾರೂ ಇರಲಿಲ್ಲ.

ನಿನ್ನ ಪರವಾಗಿ ಇನ್ನೊಂದು ಮಾತಿದೆ. ಮಸಿಕುಡಿಕೆಯ ಹಳೆಯ ಆವೃತ್ತಿ ಇನ್ನೂ ಅಲ್ಲೇ ಇದೆ. ಯಾರ ಅಪ್ಪಣೆಯೂ ಬೇಕಿಲ್ಲದೆ ಇಳಿಸಿಕೊಂಡೆ. ಗಿರಿಜಮ್ಮನ ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳಲಿಲ್ಲ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಏದುಸಿರು ಬಿಡುತ್ತಾ ಓಡುತ್ತದೆ. ಕಳೆದುಹೋದ ಭಾಗವನ್ನು ಮಕ್ಕಳ ಬಾಯಿಂದಲೇ ಹೊರಡಿಸಿದ್ದಾಯಿತು. ಹಿಂದೆ ಒಂದೇ ಮಾತಿದ್ದ ಕುದುರೆಗೆ ಈಗ ಭಾಷಣವೇ ಇದೆ, ಕುದುರೆಯಾದ ಪ್ರೇರಣಾ ಅದು ಮೊದಲಿನಿಂದಲೂ ಇತ್ತೆಂದು ಆಣೆ ಮಾಡುತ್ತಾಳೆ. ಈಗ ಸಂಜೆ ನಾನು ಮೆಟ್ರೋ ಇಳಿಯುತ್ತಿದ್ದಂತೆ ಗಿರಿಜಮ್ಮನ ಫೋನು. ಅವರು ತಿದ್ದಿದ ಮಾತು ಹೇಳುತ್ತಾರೆ, ನಾನು ಟೈಪ್ ಮಾಡಿ, ನಾಗರಿಗೆ ತಿರುಗಿಸಿ, ಕಳಿಸುತ್ತೇನೆ. ನೀನು ತೆಗೆದ ಬಟನ್ ಈಗ ನಾನೇ. ಹಗಲೆಲ್ಲ ಜನರ ಬಟನ್ ಒತ್ತುವಿಕೆ ನೋಡಿ, ಸಂಜೆ ಸ್ವತಃ ಬಟನ್ ಆಗುವುದು ಎಂಥ ಮುಂಬಡ್ತಿ ಎಂದು ನೀನೇ ಯೋಚಿಸು.

ನಾನು ಆಕಳಿಸಿದ್ದು ಮೊನ್ನೆ ಅವರಿಗೆ ಕೇಳಿಸಿತು. “ನಿಂಗೆ ತೊಂದ್ರೆ ಕೊಟ್ಕೊಂಡು ನಾಟಕ ಬೇಡ ಕಣೇ. ಈ ಸಲ ಮಕ್ಕಳು ಡ್ಯಾನ್ಸ್ ಮಾಡ್ಲಿ. ಅದಕ್ಕೆ ಮಾತು ಬೇಕಾಗಲ್ಲ, ವರುಣ್‌ಗೂ ಒಳ್ಳೇದು” ಎಂದರು.

ಆ ಮಾತಿನಿಂದಾಗಿ ಈ ಕಾಗದ. ಕೋಡ್ ತೆರೆದಿದೆ, ಬರೆದುಕೊಳ್ಳಿ ಎಂದೆಯಲ್ಲ, ಅದು ಸ್ವಾತಂತ್ರ್ಯವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಊಟಕ್ಕೆ ಕೂತವರಿಗೆ ಹಿಟ್ಟಿನ ಗಿರಣಿ ದಿನವಿಡೀ ತೆರೆದಿರುತ್ತದೆ ಹೋಗಿ ಎಂದಂತೆ. ಕೋಡ್ ತೆರೆದಿಡುವ ನಾವು ಬೀಗವಿಲ್ಲದ ಮನೆ ಕಟ್ಟಿದ್ದೇವೆಂದು ಹಿಗ್ಗುತ್ತೇವೆ, ಒಳಗೆ ದೀಪದ ಸ್ವಿಚ್ಚು ಎಲ್ಲಿದೆಯೆಂದು ಯಾರಿಗೂ ಹೇಳುವುದಿಲ್ಲ. ಆ ಕಡೆಯ ಕಂಪನಿಯವರು ಕಾಲಿಟ್ಟರೆ ದೀಪ ಹತ್ತುವ ಮನೆ ಕೊಟ್ಟು, ಬೀಗದ ಕೈ ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಎರಡೂ ಮನೆಗಳ ನಡುವೆ ಒಬ್ಬ ಹೆಂಗಸು ನಾಟಕದ ಕಾಗದ ಹಿಡಿದು ಓಡಾಡುತ್ತಿದ್ದಾರೆ. ನಿನಗೆ ಸಂಬಳವಿಲ್ಲ, ಧನ್ಯವಾದ ಹೇಳಿದವರೂ ಕಡಿಮೆ, ಬಂದವರೆಲ್ಲ ದೂರು ಹೊತ್ತು ತಂದವರೇ. ಸುಸ್ತಾಗದೆ ಏನಾದೀತು? ಬೈಯಲು ಬಂದವಳಲ್ಲ ನಾನು. ಬಟನ್ ಮತ್ತೆ ಸೇರಿಸುವ ಕೋಡನ್ನು ನಾನೇ ಬರೆದು, ಪರೀಕ್ಷಿಸಿ ಇಟ್ಟಿದ್ದೇನೆ. ಬಾಗಿಲು ತೆಗೆದರೆ ಕಳಿಸುತ್ತೇನೆ. ನೀನು ಒಪ್ಪಿಗೆ ಒತ್ತಿದರೆ ಸಾಕು.

ಗಿರಿಜಮ್ಮನವರನ್ನು ಹೇಗೋ ಕಾಡಿ ಬೇಡಿ ಒಂದು ಮಾತಿಗೆ ಒಪ್ಪಿಸಿದ್ದೇನೆ: ಪದ್ಧತಿಯ ಪ್ರಕಾರ ಇನ್ನೊಂದೇ ಒಂದು ಜ್ಞಾಪನ. ಅದೂ ಮುಚ್ಚಿಹೋದರೆ ಈ ವರ್ಷ ನಾಟಕವಿಲ್ಲ. “ನಾನೇ ಬರೆದುಕೊಡ್ತೀನಿ ಆಂಟಿ, ಅವನಿಗೆ ಅರ್ಥವಾಗೋ ಹಾಗೆ” ಎಂದೆ. “ಬೇಡಮ್ಮ, ನೀನು ಬರೆದ್ರೆ ತಮಾಷೆ ಅಂದ್ಕೊಂಡುಬಿಟ್ಟಾನು” ಎಂದರು.

ಈ ಕಾಗದ ತಲುಪಿದ ಒಂದೆರಡು ದಿನದಲ್ಲಿ, ಹೆಸರು ಕೇಳಿರದ ಹೊಸ ಖಾತೆಯೊಂದರಿಂದ ‘ಸನ್ಮಾನ್ಯರೇ’ ಎಂದು ಒಂದು ದೂರು ಬರುತ್ತದೆ. ಅದರಲ್ಲಿ ‘ಸದರಿ’ ಇರುತ್ತದೆ, ‘ಅವಗಾಹನೆ’ ಇರುತ್ತದೆ, ಕುದುರೆಯಂತೂ ಇದ್ದೇ ಇರುತ್ತದೆ. ನಿನಗೆ ನಗು ಬರುತ್ತದೆ, ಬರಲಿ. ನಕ್ಕು ಮುಗಿಸಿ, ನೀರು ಕುಡಿದು, ಇನ್ನೊಮ್ಮೆ ಓದು.

ಅದು ನಾನಲ್ಲ.

ಹೊತ್ತಿಗೆ ಸರಿಯಾಗಿ ಉಂಡು ನಿನ್ನ ಸುಸ್ತು ಕಳೆಯಲಿ ಎಂದು ಹಾರೈಸುವ, ಈ ಬಾರಿ ಯಾವ ಸಂಘದ ಪರವಾಗಿಯೂ ಅಲ್ಲದ,

ಧನ್ಯಾ
ನೋಯ್ಡಾ