ಎಡಗೈಗೆ ಒಗ್ಗುವ ಬಾಗಿಲು

ಮಾರ್ಚ್ 4, ಬೆಳಿಗ್ಗೆ

ಇವತ್ತೂ ಅದೇ ಡ್ಯೂಟಿ. ಬಾತ್‌ರೂಮಿಗೆ ಬೆನ್ನು ಹಾಕಿ ನಿಂತೆ. ಹೆಂಡತಿಯ ವೀಲ್‌ಚೇರ್ ಒಳಗೆ ಹೋದರೆ ಬಾಗಿಲು ಮುಚ್ಚುವುದಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು, ಬಾತ್‌ರೂಮು ಬೆಂಕಿಪೊಟ್ಟಣದಷ್ಟು. ಗೋಡೆಯ ಕಂಬಿ ಹಿಡಿದು ಏಳುವುದು, ಕೂರುವುದು ಎಲ್ಲ ಅವಳೇ ಮಾಡಿಕೊಳ್ಳುತ್ತಾಳೆ. "ಕಾವಲುಗಾರ ಹಾಜರ್ ಮಹಾರಾಣಿ" ಅಂದೆ. ನಗಲಿಲ್ಲ. ಸ್ಟ್ರೋಕ್ ಆದಾಗ ಬಲಗೈ ಹೋಗಿತ್ತು, ನಗು ಹೋಗಿರಲಿಲ್ಲ. ಈಗ ಅದೂ...

ಮಾರ್ಚ್ 5

ಡಾಕ್ಟರಮ್ಮ ಬೈದರು. ಯೂರಿನ್ ಇನ್‌ಫೆಕ್ಷನ್, ಮತ್ತೆ. "ನೀರೇ ಕುಡೀತಿಲ್ವಲ್ಲಮ್ಮ ನೀವು? ಕಿಡ್ನಿಗೆ ಹೋದ್ರೆ ಏನ್ಮಾಡ್ತೀರಾ?" ಇವಳು ನೆಲ ನೋಡುತ್ತ ಕೂತಳು.

ವಾಪಸ್ ಬರುವಾಗ ಬಾಯಿಬಿಟ್ಟಳು. "ಕುಡಿದ್ರೆ ಹೋಗ್ಬೇಕಲ್ರೀ. ಬಾಗಿಲು ತೆಕ್ಕೊಂಡು, ನಿಮ್ಮನ್ನ ಕಾವಲಿಟ್ಕೊಂಡು... ನಂಗಾಗಲ್ಲ."

ಜೋಕು ಗಂಟಲವರೆಗೆ ಬಂತು. ನುಂಗಿದೆ.

ಮಾರ್ಚ್ 8

ಮಗಳು ಬಂದಿದ್ದಳು. "ಒಂದು ಪರದೆ ಕಟ್ಟಿಬಿಡಿ ಅಪ್ಪ" ಅಂದಳು. ಅಮ್ಮ ನೋಡಿದ ನೋಟಕ್ಕೆ ತಾನೇ ಪರದೆಯ ಹಿಂದೆ ಹೋಗುವಂತಾದಳು.

ಬಡಗಿಯನ್ನು ಕರೆಸಿದೆ. "ಪಾಕೆಟ್ ಡೋರ್ ಹಾಕ್ಸಿ ಯಜಮಾನ್ರೇ. ಗೋಡೆ ಒಳಗೇ ಸರಿದುಹೋಗುತ್ತೆ."

"ಪಾಕೆಟ್‌ಗೆ ಕತ್ತರಿ ಹಾಕೋ ಡೋರಾ?"

"ಚೀಪಾಗಿರೋದು ತಗೊಂಡ್ರೆ ಕತ್ತರೀನೇ. ಮೇಲಿನ ಹಳಿ ಕೆಟ್ರೆ ಮತ್ತೆ ಗೋಡೆ ಒಡೀಬೇಕು."

ಮಾರ್ಚ್ 11

ಬಾಗಿಲಿನ ಅಂಗಡಿಯಲ್ಲಿ ಕುರ್ಚಿ ಕೇಳಿ ಕೂತೆ. ಬಲಗೈ ಜೇಬಿಗೆ. ಒಂದೊಂದೇ ಬಾಗಿಲನ್ನು ಎಡಗೈಯಲ್ಲಿ ಎಳೆದೆ. ಸೇಲ್ಸ್‌ಮನ್‌ಗೆ ಅನುಮಾನ. "ಸರ್, ಎದ್ದು ನಿಂತು ನೋಡಿ."

"ಕೂತಿರೋಳಿಗೆ ತಗೋತಿದೀನಪ್ಪ."

ಮೊದಲನೆಯದು ಟೊಳ್ಳು, ಜೋಲಾಡುತ್ತದೆ. ಇನ್ನೊಂದಕ್ಕೆ ಹಿಡಿಯೇ ಇಲ್ಲ, ಬೆರಳು ತೂರಿಸುವ ಗುಳಿ. ನನ್ನ ಬೆರಳೇ ಜಾರಿತು, ಇನ್ನು ಅವಳದು! ಕೊನೆಗೆ ಸಿಕ್ಕಿತು — ಗಟ್ಟಿ ಹಲಗೆ, ನೀರು ಹೀರುವುದಿಲ್ಲ, ಇಡೀ ಅಂಗೈ ಹಿಡಿಯುವಷ್ಟು ಆಳದ ಹಿಡಿ. ಚೂರು ಎಳೆದರೆ ಸಾಕು.

"ಸರಿಯಾಗಿ ಸರಿಯುತ್ತೆ. ಆದ್ರೆ ನೀರಿಗೆ ಬಾಗಲ್ವಲ್ಲ? ಬಾಗಿದ್ರೆ ಬಾಗಿಲಲ್ಲ!" ಅಂದೆ. ಅವನು ವಾರಂಟಿ ಕಾರ್ಡ್ ತೆಗೆದ. ಅರಸಿಕ.

"ಚಿಲಕ?" ಅಂದ. ಬೇಡ ಅಂದೆ. ಒಳಗೆ ಬಿದ್ದರೆ? ಅವಳನ್ನು ಕೇಳಲಿಲ್ಲ.

ಮಾರ್ಚ್ 23

ಗೋಡೆ ಒಡೆದ ಧೂಳು ಇನ್ನೂ ದಿಂಬಿನ ಮೇಲೆ. ಅಂತೂ ಬಾಗಿಲು ಕೂತಿತು. ಎಡಗೈಯಲ್ಲಿ ಎಳೆದಳು. ಬಂತು. ಮುಚ್ಚಿತು! ಚಪ್ಪಾಳೆ ತಟ್ಟಿದೆ.

ಒಳಗಿಂದ — "ಚಿಲಕ ಎಲ್ರೀ?"

"ಬಿದ್ರೆ ನಾನು ಹೇಗೇ ಒಳಗೆ ಬರ್ಲಿ?"

"ಚಿಲಕ ಇಲ್ದಿದ್ರೆ ಇದೂ ಪರದೇನೇ. ಅದೂ ನಿಮ್ಮಂಥವ್ರು ಇರೋ ಮನೇಲಿ!"

ಹೊರಬಂದಳು. ಊಟಕ್ಕೆ ಕೂತಾಗ ನೀರಿನ ಲೋಟ ದೂರ ತಳ್ಳಿದಳು.

ಮಾರ್ಚ್ 25

ಬಡಗಿ ಬೇರೆ ಥರದ ಚಿಲಕ ತಂದ. ಒಳಗಿಂದ ಹಾಕಬಹುದು. ಹೊರಗೊಂದು ಸೀಳು, ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುತ್ತದೆ. "ಅಮ್ಮಂಗೆ ಹೇಳ್ಲೇಬೇಕಾ?" ಅಂತ ಪಿಸುಗುಟ್ಟಿದ.

ಹೇಳಿದೆ. ನಾನೇ.

ಸೀಳನ್ನು ಬೆರಳಲ್ಲಿ ಸವರಿ ನೋಡಿದಳು. "ನಾನು ಕರೆದ್ರೆ ಮಾತ್ರ. ತಮಾಷೆಗೂ ಮುಟ್ಬಾರ್ದು. ಮಾತು ಕೊಡ್ರಿ." ಎಡಗೈ ಚಾಚಿದಳು. ನಾನೂ ಎಡಗೈಯನ್ನೇ ಕೊಟ್ಟೆ.

ಮಾರ್ಚ್ 26, ಸಂಜೆ

ಮಧ್ಯಾಹ್ನ ಊಟದ ಜೊತೆ ಪೂರ್ತಿ ಒಂದು ಲೋಟ ನೀರು ಕುಡಿದಳು. ಈಗ ಒಳಗಿದ್ದಾಳೆ. ಚಿಲಕ ಬಿದ್ದಿದೆ. ಎದುರು ಸ್ಟೂಲ್ ಹಾಕಿಕೊಂಡು ಬರೆಯುತ್ತಿದ್ದೇನೆ.

ನೀರಿನ ಸದ್ದು ನಿಂತು ಹೊತ್ತಾಯಿತು. ಕರೆದಿಲ್ಲ. ಏನೋ ಬಿದ್ದ ಹಾಗಾಯಿತು — ಮಗ್ಗೇ ಇರಬೇಕು. ಮಗ್ಗೇನಾ? ನಾಣ್ಯ ಕೈಯಲ್ಲೇ ಬೆವರುತ್ತಿದೆ. ಎದ್ದೆ. ಸೀಳಿನವರೆಗೆ ಒಯ್ದೆ. ಮಾತು ಕೊಟ್ಟಿದ್ದೇನೆ. ಕೂತೆ.

ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ನನ್ನ ಜನ್ಮದಲ್ಲಿಲ್ಲ.

"ರೀ..."

ನಾಣ್ಯದ ಸಮೇತ ಎದ್ದೆ.

"ಅಲ್ಲೇ ಕೂತಿದೀರಾ? ಹೋಗ್ರೀ ಆಚೆ. ನಾನೇ ಬರ್ತೀನಿ."

ಚಿಲಕ ತಿರುಗಿತು. ಮುಖ ನೆಟ್ಟಗೆ ಮಾಡಿಕೊಳ್ಳಬೇಕು, ಅವಳು ನೋಡುವ ಮುಂ—