ಹುಣಸೆಹಣ್ಣಿನಲ್ಲಿ ತೊಳೆದ ಚಕ್ರವರ್ತಿ

ದ್ವಾರಕಾ, ದೆಹಲಿ
ದೀಪಾವಳಿಯ ಮರುದಿನ

ಮುದ್ದಿನ ಚಿನ್ಮಯಿಗೆ ಸೋದರಮಾವನ ಆಶೀರ್ವಾದ.

ಬಾವಿ ತೋಡುವಾಗ ಸಿಕ್ಕಿತು, ಯಾರದೆಂದು ಓದಿ ಹೇಳು ಎಂದು ನಿಮ್ಮಪ್ಪ ಕಳಿಸಿದ ರೋಮನ್ ಬೆಳ್ಳಿ ನಾಣ್ಯವನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದೆ. ಸಂದುಗಳಲ್ಲಿ ಕಪ್ಪು ಕಟ್ಟಿದ್ದರಿಂದಲೇ ಸವೆದ ಅಕ್ಷರಗಳು ಕಾಣುತ್ತಿದ್ದವು. ನಿನ್ನೆ ನಿಮ್ಮತ್ತೆ ಲಕ್ಷ್ಮೀಪೂಜೆಗೆಂದು ಬೆಳ್ಳಿ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣು, ಸಬೀನಾ ಪುಡಿ ಹಾಕಿ ಉಜ್ಜಿಬಿಟ್ಟಳು. "ನೋಡ್ರೀ, ನಿಮ್ಮ ರಾಜಂಗೂ ಸ್ನಾನ ಆಯ್ತು!" ಎಂದು ನಗುತ್ತಾ ಕೈಗಿಟ್ಟಳು. ಈಗ ಅದರಲ್ಲಿ ಅಕ್ಷರವೂ ಇಲ್ಲ, ರಾಜನ ಮೂಗೂ ಇಲ್ಲ.

ನಿಮ್ಮಪ್ಪ ಆಸ್ಪತ್ರೆಯಿಂದ ಫೋನ್ ಮಾಡಿದಾಗಲೆಲ್ಲ, "ಯಾವ ಚಕ್ರವರ್ತಿನೋ, ಗೊತ್ತಾಯ್ತೇನೋ?" ಎನ್ನುತ್ತಾರೆ. ತಿಳಿದುಕೊಂಡೇ ಹೋಗಬೇಕೆಂಬ ಆಸೆ ಅವರಿಗೆ. ಬಾಯಿಗೆ ಬಂದ ಹೆಸರು ಹೇಳಲು ನನಗೆ ಮನಸ್ಸಿಲ್ಲ. ಪಕ್ಕದಲ್ಲೇ ನೀನಿರುತ್ತೀ, ಫೋನಿನಲ್ಲಿ ಮಾತಾಡಿದರೆ ಅವರಿಗೂ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಣ್ಯ ಇಲ್ಲಿಗೆ ಕಳಿಸುವ ಮೊದಲು ತೆಗೆದ ಫೋಟೋ ಇದ್ದರೆ ಕಳಿಸಮ್ಮ. ಇಲ್ಲದಿದ್ದರೆ ಅವರಿಗೆ ಏನು ಹೇಳಲಿ ಎಂಬುದನ್ನಾದರೂ ನೀನೇ ತಿಳಿಸು.

ಇಂತಿ, ಏನೂ ತೋಚದ ನಿನ್ನ ಮಾವ
ಸುದರ್ಶನ