ನಾಲ್ಕು ನಿಮಿಷದ ಕತ್ತಲು

ಚಿತ್ರದುರ್ಗ,
ಎರಡನೇ ಮೇ ತಿಂಗಳ ಒಂಬತ್ತು, ೨೨೧೪

ಸರ್ವಮಂಗಳಾ ಅವರಿಗೆ ಓಬಳಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಬೆಳೆದು ಬೆಳೆದು ಒಂದು ಮೇ ಸಾಲದಾದಾಗ ನಮ್ಮ ಹಿರಿಯರು ಇನ್ನೊಂದನ್ನು ಸೇರಿಸಿಕೊಂಡರು. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಿಸೀತು. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿ ಕಲಿತವಳು. ಸಾಲದ್ದಕ್ಕೆ ಐದು ತಿಂಗಳ ಕೂಸಿನ ತಾಯಿ, ನೆಟ್ಟಗೆ ನಿದ್ದೆಯಿಲ್ಲ. ವಾಕ್ಯ ಎಲ್ಲಾದರೂ ದಾರಿ ತಪ್ಪಿದರೆ ಮನ್ನಿಸಿ.

ಇಲ್ಲಿಯ ಬಂಡೆಗಳ ಹೊಟ್ಟೆಯೊಳಗೆ ಒಂದು ತಂಪಾದ ಚಿತ್ರಭಂಡಾರವಿದೆ. ಅಲ್ಲಿ ಹಳೆಯ ರೀಲುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಸಿನಿಮಾ ತೆಗೆದವರು ತೀರಿಕೊಂಡು ಎಷ್ಟು ಕಾಲವಾಗಿದ್ದರೂ, ರಿಪೇರಿ ಮುಗಿಸಿದವರು ಅವರಿಗೊಂದು ಪತ್ರ ಬರೆದು ಡಬ್ಬಿಯೊಳಗೆ ಇಡಬೇಕೆಂಬುದು ನಮ್ಮ ಪದ್ಧತಿ. ಸಾಮಾನ್ಯವಾಗಿ ಮೂರು ಸಾಲಿನಲ್ಲಿ ಮುಗಿಸುತ್ತೇವೆ. ನಿಮಗೆ ಹಾಗೆ ಬರೆಯಲಾರೆ. ನಿಮ್ಮ ಸಿನಿಮಾವನ್ನು ನಾನು ಕೆಡಿಸಿದ್ದೇನೆ.

ನಮ್ಮ ಕಾಲದಲ್ಲಿ ಎಲ್ಲರೂ ನೋಡುವುದು ಹೊಂದುಚಿತ್ರ. ನೋಡುವವರ ಕಣ್ಣಿನ ಪಾಪೆಯನ್ನು ಅದು ಗಮನಿಸುತ್ತಿರುತ್ತದೆ. ಚೂರು ಬೇಸರವಾಯಿತೆಂದರೆ ಕಥೆಯನ್ನೇ ತಿರುಗಿಸಿಕೊಳ್ಳುತ್ತದೆ. ನನ್ನ ಗಂಡನೂ ನಾನೂ ಒಂದೇ ಚಾಪೆಯ ಮೇಲೆ ಕೂತು ಒಂದೇ ಹೆಸರಿನ ಚಿತ್ರ ನೋಡಿದರೂ ಅವರಿಗೆ ಕಂಡದ್ದು ನನಗೆ ಕಾಣುವುದಿಲ್ಲ. ನೋಡಿ ಎದ್ದ ಮೇಲೆ ಮಾತಾಡಲು ಏನೂ ಇರುವುದಿಲ್ಲ. ಕೂಸುಗಳಿಗೆ ನಾಮಕರಣದ ದಿನವೇ ತೊಟ್ಟಿಲಿಗೆ ಕಣ್ಣಾಳು ಕಟ್ಟುತ್ತಾರೆ. ಅಂಗೈಯಗಲದ ಗಾಜು ಅದು. ಮಗು ನಕ್ಕ ಬಣ್ಣವನ್ನೇ ಮತ್ತೆ ತೋರಿಸುತ್ತದೆ, ಮುಖ ಸಿಂಡರಿಸಿದ್ದನ್ನು ಅಳಿಸಿಹಾಕುತ್ತದೆ. ನನ್ನ ಅತ್ತೆಯವರು ನನ್ನ ಮಗಳು ಬೆಳ್ಳಿಗೆ ಪ್ರೀತಿಯಿಂದಲೇ ಒಂದನ್ನು ತಂದು ಕಟ್ಟಿದರು. ಅವತ್ತಿನಿಂದ ಬೆಳ್ಳಿ ಅತ್ತದ್ದು ಕಡಿಮೆ. ನನ್ನ ಕಡೆ ತಿರುಗಿದ್ದೂ ಕಡಿಮೆ.

ನಮ್ಮ ಭಂಡಾರದಲ್ಲಿ ಮಾತ್ರ ತಿಂಗಳಿಗೊಮ್ಮೆ, ಬುಧವಾರ ಮಧ್ಯಾಹ್ನ, ಯಾರಿಗಾಗಿಯೂ ಬದಲಾಗದ ಹಳೆಯ ಸಿನಿಮಾವೊಂದನ್ನು ಹಾಕುತ್ತೇವೆ. ಅರ್ಥವಾಗದ್ದನ್ನೇ ಆರಿಸುತ್ತೇವೆ. ಇದಕ್ಕೆ ಬೇಸರದ ಬುಧವಾರ ಎಂದೇ ಹೆಸರು. ಮುಗಿದ ಮೇಲೆ ಅಂಗಳದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಸಿನಿಮಾದ ಅರ್ಥ ಹೇಳುವಂತಿಲ್ಲ, ಹೇಳಿದವರಿಗೆ ಬೋಂಡ ಇಲ್ಲ. ತನಗೆ ಎಲ್ಲಿ ಬೇಸರ ಬಂತು ಎಂಬುದನ್ನಷ್ಟೇ ಒಬ್ಬೊಬ್ಬರೂ ಹೇಳಬೇಕು. ಒಬ್ಬರಿಗೆ ಬೇಸರ ಬಂದ ಜಾಗದಲ್ಲೇ ಇನ್ನೊಬ್ಬರ ಎದೆ ಹೊಡೆದುಕೊಂಡಿರುತ್ತದೆ. ಹಾಗೆ ಜಗಳ ಶುರುವಾಗುತ್ತದೆ, ಹಾಗೇ ಸ್ನೇಹವೂ. ನನ್ನ ಮದುವೆಯೂ ಅಂಥದೊಂದು ಜಗಳದಿಂದಲೇ ಆದದ್ದು.

ನಿಮ್ಮ ಇಪ್ಪತ್ತೊಂದು ನಿಮಿಷದ ರೀಲು ನನ್ನ ಕೈಗೆ ಬಂದಾಗ ನಾನು ತುಂಬಿದ ಬಸುರಿ. ಹಿತ್ತಲಿನ ತಂತಿಯ ಮೇಲೆ ಒಂದು ಹಸಿ ಸೀರೆ, ಅದು ಒಣಗುತ್ತದೆ, ಅಷ್ಟೇ. ನೀರಿನ ಗೆರೆ ಅಂಚಿಗೆ ಇಳಿಯುವುದನ್ನು ನೋಡುತ್ತ ಮೊದಲು ನನಗೆ ಆಕಳಿಕೆ, ಆಮೇಲೆ ಸಿಟ್ಟು. ಹತ್ತನೇ ನಿಮಿಷದ ಹೊತ್ತಿಗೆ ಆ ಸೀರೆ ಯಾರದೋ ಬೆನ್ನಿನಂತೆ ಕಂಡು ಅತ್ತುಬಿಟ್ಟೆ. ಆಮೇಲೆ ನಾಲ್ಕು ನಿಮಿಷ ತೆರೆ ಪೂರ್ತಿ ಕಪ್ಪು, ಸಣ್ಣದೊಂದು ಗೊರಗೊರ ಸದ್ದು. ಕೊನೆಗೆ ಮತ್ತೆ ಸೀರೆ.

ಕಪ್ಪಾದದ್ದು ಬೂಷ್ಟು ಹಿಡಿದು ಎಂದುಕೊಂಡೆ. ನಮ್ಮಲ್ಲಿ ತೆರೆ ಕಪ್ಪಾಗಿದ್ದರೆ ಅದು ಕೆಟ್ಟಿದೆ ಎಂದೇ ಲೆಕ್ಕ. ಬೇಕೆಂದೇ ಕತ್ತಲು ಇಟ್ಟವರನ್ನು ನಾನು ಕಂಡಿರಲಿಲ್ಲ. ಹಿಂದಿನ ಮುಂದಿನ ದೃಶ್ಯಗಳಿಂದ ಯಂತ್ರದಲ್ಲಿ ಹೊಸ ದೃಶ್ಯ ಹೆಣೆದು ಆ ನಾಲ್ಕು ನಿಮಿಷ ತುಂಬಿದೆ. ಗಾಳಿಗೆ ಹಾರುವ ಸೀರೆ, ಬಲು ಚಂದವಾಗಿ ಬಂದಿತ್ತು. ಸದ್ದನ್ನು ಒರೆಸಿದೆ. ಹೊಸ ಪ್ರತಿ ಸಿದ್ಧವಾಯಿತೆಂದು, ಕೊಳೆತು ಹುಳಿವಾಸನೆ ಹಿಡಿದಿದ್ದ ಮೂಲ ರೀಲನ್ನು ನಿಯಮದಂತೆ ಕರಗಿಸಿದೆ. ಆಮೇಲೆ ಹೆರಿಗೆಗೆ ಹೋದೆ.

ಕಳೆದ ಬುಧವಾರ ಅದನ್ನು ಹಾಕಿದರು. ಬೆಳ್ಳಿಯನ್ನು ಅತ್ತೆಯ ಬಳಿ ಬಿಟ್ಟು ಹೋಗಿದ್ದೆ. ಎಲ್ಲರೂ ಹೊಗಳಿದರು. ಎಂಬತ್ತೈದರ ತಿಪ್ಪೇರುದ್ರಜ್ಜ ಮಾತ್ರ ಬೋಂಡ ಮುಟ್ಟದೆ ಕೂತಿದ್ದರು. ಈ ಸಿನಿಮಾವನ್ನು ಹುಡುಗನಾಗಿದ್ದಾಗ ಇದೇ ಭಂಡಾರದಲ್ಲಿ ನೋಡಿದ್ದವರು ಅವರೊಬ್ಬರೇ.

“ನಂಗೆಲ್ಲೂ ಬ್ಯಾಸರ ಆಗ್ಲಿಲ್ಲ ಕಣವ್ವ,” ಎಂದರು. “ಕತ್ಲು ಎಲ್ಲೋಯ್ತು?”

ಅದು ಬೂಷ್ಟು ಎಂದೆ. ಅಜ್ಜ ಅಲ್ಲವೆಂದು ತಲೆಯಾಡಿಸಿದರು. ಆ ಕತ್ತಲಲ್ಲಿ ಯಾರೋ ಮಲಗಿ ಉಸಿರಾಡುವ ಸದ್ದಿತ್ತಂತೆ. ಮೊದಲು ಜನ ಗೊಣಗಿದರಂತೆ, ಒಬ್ಬ ಸಿಳ್ಳೆ ಹೊಡೆದನಂತೆ. ಆಮೇಲೆ ಎಲ್ಲರೂ ಸುಮ್ಮನಾಗಿ, ತೆರೆಯ ಮೇಲಿನ ಉಸಿರು ಯಾವುದು, ಪಕ್ಕದವರದು ಯಾವುದು ತಿಳಿಯದಂತಾಯಿತಂತೆ.

“ಅವಾಗ್ಲೇ ನಮ್ಮವ್ವ ನನ್ ಕೈ ಹಿಡ್ಕಂಡಿದ್ದು,” ಎಂದರು ಅಜ್ಜ. “ಹೊಲ ಮನೆ ಅಂತ ದುಡ್ದು ದುಡ್ದು, ಅದ್ಕೂ ಮುಂಚೆ ಹಿಡ್ದಿದ್ದು ನಂಗೆ ನೆಪ್ಪಿಲ್ಲ. ಅದನ್ನ ಇನ್ನೊಂದ್ಸಲ ನೋಡಾಣ ಅಂತ ಬಂದಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮಂಡಕ್ಕಿಯ ಪೊಟ್ಟಣವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

ಮನೆಗೆ ಬಂದವಳೇ ಕಣ್ಣಾಳನ್ನು ಬಿಚ್ಚಿಟ್ಟೆ. ಅತ್ತೆಯವರು ಬೇಸರಪಟ್ಟುಕೊಂಡು, ಕೂಸನ್ನು ಅಳಿಸಿ ಏನು ಸಂಪಾದನೆ ಮಾಡ್ತೀಯಮ್ಮ ಎಂದು ಕೇಳಿದರು. ಬೆಳ್ಳಿ ಅತ್ತಳು, ಬಹಳ ಹೊತ್ತು ಅತ್ತಳು. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಕೊನೆಗೆ ಅವಳು ಸುಮ್ಮನಾಗಿ ಗೋಡೆಯ ಮೇಲಿನ ನನ್ನ ನೆರಳನ್ನು ನೋಡಿದಳು, ಆಮೇಲೆ ನನ್ನನ್ನು. ಆ ನೋಟದಲ್ಲಿ ನಗು ಇರಲಿಲ್ಲ. ಇದೇನಿದು ಎಂಬಂತೆ ನೋಡುತ್ತಿದ್ದಳು.

ಮಾರನೇ ದಿನ ನಾನು ಹೆಣೆದದ್ದನ್ನು ಕತ್ತರಿಸಿ ತೆಗೆದು ಅಲ್ಲಿ ಬರೀ ಕಪ್ಪು ಇಟ್ಟೆ. ಆದರೆ ಆ ಉಸಿರನ್ನು ಎಲ್ಲಿಂದ ತರಲಿ? ಅದು ನಿಮ್ಮ ತಾಯಿಯದೋ, ನಿಮ್ಮ ಕೂಸಿನದೋ, ಅದೂ ತಿಳಿಯದು. ಮುಂದಿನ ತಿಂಗಳ ಬುಧವಾರ ಅದನ್ನೇ ಮತ್ತೆ ಹಾಕಿಸಿ, ಬೆಳ್ಳಿಯನ್ನು ಎತ್ತಿಕೊಂಡು ತಿಪ್ಪೇರುದ್ರಜ್ಜನ ಪಕ್ಕದಲ್ಲೇ ಕೂರುತ್ತೇನೆ. ಕತ್ತಲು ಬಂದಾಗ ಇಬ್ಬರ ಕೈಯನ್ನೂ ಹಿಡಿಯುತ್ತೇನೆ. ಸದ್ದಿಲ್ಲದ ಆ ಕತ್ತಲಿಗೆ ನಮ್ಮ ಮೂವರ ಉಸಿರೇ ಸಾಕಾದೀತೇ ಎಂಬುದೇ ನನ್ನ ಚಿಂತೆ.

ಪತ್ರ ಹಿಂದಿನ ಕಾಲಕ್ಕೆ ತಲುಪದೆಂದು ಗೊತ್ತಿದ್ದರೂ ನಿಮ್ಮಲ್ಲಿ ಒಂದು ಬೇಡಿಕೆ. ನೀವಿನ್ನೂ ಆ ಸಿನಿಮಾ ಮುಗಿಸಿಲ್ಲವಾದರೆ, ಕತ್ತಲನ್ನು ಕತ್ತರಿಸಿ ಎಂದು ಯಾರಾದರೂ ಹೇಳಿಯಾರು, ಕೇಳಬೇಡಿ. ಡಬ್ಬಿ ಮುಚ್ಚುವ ಮುಂಚೆ, ಈ ಕತ್ತಲು ಕೆಟ್ಟುಹೋದದ್ದಲ್ಲ, ನಾನೇ ಇಟ್ಟದ್ದು ಎಂದು ಒಂದು ಚೀಟಿ ಬರೆದು ಒಳಗೆ ಹಾಕಿ. ಅದು ನನ್ನ ಕೈಗೆ ಸಿಕ್ಕರೆ ಈ ಪತ್ರ ಬರೆಯುವ ಪ್ರಸಂಗವೇ ಬರುವುದಿಲ್ಲ. ಬಾರದೇ ಇರಲಿ.

ಇಂತಿ,
ಓಬಳಾ